ಕರೆಂಟ್ ಹೋದ ರಾತ್ರಿ ಸೋಲಾರ್ ಜನರೇಟರ್ ಎಷ್ಟು ಹೊತ್ತು ಓಡುತ್ತದೆ? ಮನೆಯಲ್ಲೇ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಸೋಲಾರ್ ಜನರೇಟರ್, ಅಂದರೆ ಬಿಸಿಲಿನಿಂದ ಚಾರ್ಜ್ ಆಗುವ ಬ್ಯಾಟರಿ ಪೆಟ್ಟಿಗೆ, ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಫುಲ್ ಚಾರ್ಜ್ ಆದ್ಮೇಲೆ ಎಷ್ಟು ಗಂಟೆ ಬರುತ್ತೆ?" ಅಂಗಡಿಯವರು 8 ಗಂಟೆ, 10 ಗಂಟೆ ಅಂತ ಏನೋ ಒಂದು ಹೇಳುತ್ತಾರೆ. ಏನು ಹಾಕಿದರೆ ಅಷ್ಟು ಹೊತ್ತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. 1,000 ವ್ಯಾಟ್-ಅವರ್ (ಒಂದು ವ್ಯಾಟ್‌ನ ಸಾಮಾನು ಒಂದು ಗಂಟೆ ಓಡಲು ಬೇಕಾದಷ್ಟು ಕರೆಂಟ್ ಒಂದು ವ್ಯಾಟ್-ಅವರ್) ಆಸುಪಾಸಿನ ಒಂದೇ ಪೆಟ್ಟಿಗೆ ವೈಫೈ ರೂಟರನ್ನು ಎರಡು-ಮೂರು ದಿನ ಓಡಿಸಬಹುದು. ಇಂಡಕ್ಷನ್ ಒಲೆ ಇಟ್ಟರೆ ಅರ್ಧ ಗಂಟೆಗೇ ಬರಿದಾಗುತ್ತದೆ.

ಹಾಗಾಗಿ ಉತ್ತರ ಅಂಗಡಿಯಲ್ಲಿ ಸಿಗುವುದಿಲ್ಲ, ನಿಮ್ಮ ಮನೆಯಲ್ಲೇ ಸಿಗುತ್ತದೆ. ಪೆಟ್ಟಿಗೆಯಿಂದ ನಿಜವಾಗಿ ಕೈಗೆ ಬರುವುದೆಷ್ಟು, ಮನೆ ಎಳೆಯುವುದೆಷ್ಟು, ಇವೆರಡು ಗೊತ್ತಾದರೆ ಸಾಕು. ಎಂಜಿನಿಯರಿಂಗ್ ಓದಿರಬೇಕಿಲ್ಲ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಆಯಿತು. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಇದಕ್ಕೆ ಎತ್ತಿಡಿ.

ಹಂತ 1: ಕರೆಂಟ್ ಬಿಲ್ ಕೈಗೆತ್ತಿಕೊಳ್ಳಿ

ಗೃಹಜ್ಯೋತಿಯಲ್ಲಿ ನಿಮಗೆ ಶೂನ್ಯ ಬಿಲ್ ಬರುತ್ತಿರಬಹುದು. ಆದರೂ ತಿಂಗಳಿಗೆ ಎಷ್ಟು ಯೂನಿಟ್ ಬಳಸಿದ್ದೀರಿ ಅಂತ ಅದರಲ್ಲಿ ಬರೆದಿರುತ್ತದೆ. ಒಂದು ಯೂನಿಟ್ ಅಂದರೆ 1,000 ವ್ಯಾಟ್-ಅವರ್. ತಿಂಗಳಿಗೆ 90 ಯೂನಿಟ್ ಆದರೆ ದಿನಕ್ಕೆ 3 ಯೂನಿಟ್, ಅಂದರೆ 3,000 ವ್ಯಾಟ್-ಅವರ್.

ಈಗ ಮಾರುಕಟ್ಟೆಯ ಪೆಟ್ಟಿಗೆಗಳನ್ನು ನೋಡಿ. ಕೈಯಲ್ಲಿ ಎತ್ತಿಕೊಂಡು ಓಡಾಡಬಹುದಾದವು ಹೆಚ್ಚಾಗಿ 300ರಿಂದ 1,000 ವ್ಯಾಟ್-ಅವರ್‌ನವು. ಬಹಳ ದೊಡ್ಡದು ಅನ್ನಿಸುವ 1,000 ವ್ಯಾಟ್-ಅವರ್ ಪೆಟ್ಟಿಗೆಯಲ್ಲಿ ಇರುವುದು ಬರೀ ಒಂದು ಯೂನಿಟ್ ಕರೆಂಟ್. ಇಷ್ಟು ಗೊತ್ತಾದರೆ "ಇಡೀ ಮನೆ ಓಡುತ್ತೆ" ಅನ್ನುವ ಜಾಹೀರಾತಿಗೆ ಮರುಳಾಗುವುದಿಲ್ಲ, ಅಲ್ವಾ?

ಹಂತ 2: ಪೆಟ್ಟಿಗೆಯ ಮೇಲಿನ ಸಂಖ್ಯೆ ಓದುವುದು

ಸೋಲಾರ್ ಜನರೇಟರ್ ಒಳಗೆ ಮುಖ್ಯವಾಗಿ ಮೂರು ಭಾಗ ಇರುತ್ತವೆ. ಬ್ಯಾಟರಿ, ಬಿಸಿಲಿನ ಕರೆಂಟನ್ನು ಬ್ಯಾಟರಿಗೆ ಹದವಾಗಿ ಕೊಡುವ ಚಾರ್ಜ್ ಕಂಟ್ರೋಲರ್, ಬ್ಯಾಟರಿಯ ಡಿಸಿ ಕರೆಂಟನ್ನು 230 ವೋಲ್ಟ್ ಎಸಿ (ಗೋಡೆಯ ಪ್ಲಗ್‌ನಲ್ಲಿ ಬರುವಂಥ ಕರೆಂಟ್) ಮಾಡುವ ಇನ್ವರ್ಟರ್. ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಬ್ಯಾಟರಿಯ ವ್ಯಾಟ್-ಅವರ್ ಮೇಲೆ ನಿಂತಿದೆ. ಒಮ್ಮೆಗೇ ಎಷ್ಟು ಹೊರೆ ತಡೆಯುತ್ತದೆ ಅನ್ನುವುದು ಇನ್ವರ್ಟರಿನ ವ್ಯಾಟ್ ಮೇಲೆ. ಜನ ಇವೆರಡನ್ನೇ ಜಾಸ್ತಿ ಕಲಸಿಕೊಳ್ಳುತ್ತಾರೆ. "1,000 ವ್ಯಾಟ್ ಜನರೇಟರ್" ಅಂತ ದಪ್ಪಕ್ಷರದಲ್ಲಿ ಬರೆದ ಪೆಟ್ಟಿಗೆಯಲ್ಲಿ ಬ್ಯಾಟರಿ 500 ವ್ಯಾಟ್-ಅವರ್ ಇರಬಹುದು.

ವ್ಯಾಟ್-ಅವರ್ ಬರೆದಿಲ್ಲದಿದ್ದರೆ ವೋಲ್ಟನ್ನು ಆಂಪಿಯರ್-ಅವರ್‌ನಿಂದ (ಎಎಚ್) ಗುಣಿಸಿ. 12.8 ವೋಲ್ಟ್, 80 ಎಎಚ್ ಇದ್ದರೆ 1,024 ವ್ಯಾಟ್-ಅವರ್. ಮನೆಯ ಯುಪಿಎಸ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಟ್ಯೂಬುಲರ್ (ಸೀಸ-ಆಸಿಡ್ ಜಾತಿಯ) ಬ್ಯಾಟರಿಯಲ್ಲಿ 1,800 ವ್ಯಾಟ್-ಅವರ್.

"2,70,000 ಎಂಎಎಚ್" ಅಂತ ದೊಡ್ಡ ಸಂಖ್ಯೆ ಕಂಡರೆ ಹೌಹಾರಬೇಡಿ. ಅದನ್ನು ಸಾಮಾನ್ಯವಾಗಿ ಒಳಗಿನ ಸಣ್ಣ ಸೆಲ್‌ನ 3.7 ವೋಲ್ಟಿಗೆ ಲೆಕ್ಕ ಹಾಕಿರುತ್ತಾರೆ. 1,000 ಎಂಎಎಚ್ ಅಂದರೆ ಒಂದು ಎಎಚ್, ಹಾಗಾಗಿ 270 ಎಎಚ್ ಗುಣಿಸು 3.7, ಸುಮಾರು 1,000 ವ್ಯಾಟ್-ಅವರ್ ಅಷ್ಟೇ. ಎರಡು ಪೆಟ್ಟಿಗೆ ಹೋಲಿಸುವಾಗ ಎಂಎಎಚ್ ನೋಡಲೇಬೇಡಿ.

ಹಂತ 3: ಅದರಲ್ಲಿ ಕೈಗೆ ಸಿಗುವುದೆಷ್ಟು?

ಬರೆದ ಸಂಖ್ಯೆಯಷ್ಟೂ ನಿಮ್ಮ ಪ್ಲಗ್‌ವರೆಗೆ ಬರುವುದಿಲ್ಲ. ದಾರಿಯಲ್ಲಿ ಒಂದಿಷ್ಟು ಸೋರಿಹೋಗುತ್ತದೆ.

ಮೊದಲನೆಯದು, ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡುವ ಹಾಗಿಲ್ಲ. ಈಗಿನ ಒಳ್ಳೆಯ ಪೆಟ್ಟಿಗೆಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 90-95 ಭಾಗ ಬಳಸಿದರೂ ತೊಂದರೆಯಿಲ್ಲ, ತಳದ ಸ್ವಲ್ಪವನ್ನು ಒಳಗಿನ ಸರ್ಕ್ಯೂಟೇ ಕಾಯ್ದುಕೊಳ್ಳುತ್ತದೆ. ಸೀಸ-ಆಸಿಡ್ ಬ್ಯಾಟರಿ ಹಾಗಲ್ಲ. ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಟ್ಯೂಬುಲರ್ ಸ್ವಲ್ಪ ಗಟ್ಟಿ, ಅಪರೂಪಕ್ಕೊಮ್ಮೆ 80 ಭಾಗದವರೆಗೆ ಖಾಲಿ ಮಾಡಿದರೂ ತಡೆದುಕೊಳ್ಳುತ್ತದೆ. ರೂಢಿ ಮಾಡಿಕೊಳ್ಳಬೇಡಿ.

ಎರಡನೆಯದು, ಡಿಸಿಯನ್ನು ಎಸಿ ಮಾಡುವಾಗಿನ ನಷ್ಟ. ಒಳ್ಳೆಯ ಇನ್ವರ್ಟರ್‌ನಲ್ಲಿ ಸುಮಾರು 10 ಭಾಗ, ಹಳೆಯ ಯುಪಿಎಸ್‌ಗಳಲ್ಲಿ 15-20 ಭಾಗ.

ಹೆಚ್ಚಿನವರ ಕಣ್ಣಿಗೆ ಬೀಳದ್ದು ಮೂರನೆಯದು. ಎಸಿ ಬಟನ್ ಒತ್ತಿ ಏನೂ ಹಾಕದೆ ಸುಮ್ನೆ ಇಟ್ಟರೂ ಇನ್ವರ್ಟರ್ ತನ್ನ ಪಾಡಿಗೆ 10ರಿಂದ 20 ವ್ಯಾಟ್ ತಿನ್ನುತ್ತಿರುತ್ತದೆ. ಬಟನ್ ಪಕ್ಕದ ಸಣ್ಣ ದೀಪ ಉರಿಯುತ್ತಿದೆ ಅಂದರೆ ಬ್ಯಾಟರಿ ಇಳಿಯುತ್ತಿದೆ ಅಂತಲೇ. 12 ವ್ಯಾಟ್ ಅಂತ ಹಿಡಿದರೂ 12 ಗಂಟೆಗೆ 144 ವ್ಯಾಟ್-ಅವರ್. ಅಷ್ಟರಲ್ಲಿ ಒಂದು ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ) ಫ್ಯಾನ್ ಐದು ಗಂಟೆ ತಿರುಗುತ್ತದೆ.

ಲೆಕ್ಕಕ್ಕೆ ಹಾಕೋಣ. 1,024 ವ್ಯಾಟ್-ಅವರ್ ಲಿಥಿಯಂ ಪೆಟ್ಟಿಗೆಯ 95 ಭಾಗ, ಅದರಲ್ಲಿ 90 ಭಾಗ ಅಂದರೆ ಸುಮಾರು 875. 1,800 ವ್ಯಾಟ್-ಅವರ್ ಟ್ಯೂಬುಲರ್‌ನ ಅರ್ಧ 900, ಅದರಲ್ಲಿ 82 ಭಾಗ ಅಂದರೆ ಸುಮಾರು 740. ಕಾಗದದ ಮೇಲೆ ದೊಡ್ಡದಾಗಿ ಕಂಡ ಬ್ಯಾಟರಿ ದಿನನಿತ್ಯದ ಬಳಕೆಯಲ್ಲಿ ಕಡಿಮೆ ಕೊಡುತ್ತದೆ.

ಸೀಸ-ಆಸಿಡ್ ಬ್ಯಾಟರಿಗೆ ಇನ್ನೊಂದು ಗುಣ ಇದೆ. ಅವಸರದಲ್ಲಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆ. ಇದನ್ನು 1897ರಲ್ಲೇ ಜರ್ಮನಿಯ ಪ್ಯೂಕರ್ಟ್ ಅನ್ನುವವರು ಸೂತ್ರವಾಗಿ ಬರೆದಿಟ್ಟರು. ಬ್ಯಾಟರಿಯ ಮೇಲೆ ಸಿ20 ಅಂತ ಇದ್ದರೆ, 20 ಗಂಟೆ ನಿಧಾನವಾಗಿ ಎಳೆದಾಗ ಮಾತ್ರ ಆ 150 ಎಎಚ್ ಸಿಗುತ್ತದೆ ಅಂತ ಅರ್ಥ. ಆಗ ಎಳೆಯುವುದು ಏಳೂವರೆ ಆಂಪಿಯರ್, ಅಂದರೆ ಬರೀ 90 ವ್ಯಾಟ್. ನೀವು 400 ವ್ಯಾಟ್ ಹೊರೆ ಹಾಕಿದರೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಕಳೆದುಕೊಳ್ಳಬಹುದು. ಸೋಲಾರ್‌ಗೆಂದೇ ಮಾಡಿದ ಬ್ಯಾಟರಿಗಳನ್ನು ಸಾಮಾನ್ಯವಾಗಿ ಸಿ10ಕ್ಕೆ ಅಳೆದಿರುತ್ತಾರೆ. ಎರಡೂ 150 ಎಎಚ್ ಇದ್ದರೆ ಸಿ10 ಇರುವುದನ್ನೇ ತೆಗೆದುಕೊಳ್ಳಿ. ಲಿಥಿಯಂನಲ್ಲಿ ಈ ಕಾಟ ಬಹಳ ಕಡಿಮೆ.

ಹಂತ 4: ಮನೆ ಏನೇನು ಎಳೆಯುತ್ತದೆ?

ಪ್ರತಿ ಸಾಮಾನಿನ ಹಿಂದೆ ಒಂದು ಚೀಟಿ ಇರುತ್ತದೆ. ಅದರಲ್ಲಿರುವುದು ಗರಿಷ್ಠ ಸಂಖ್ಯೆ. ನಿಜವಾಗಿ ಎಳೆಯುವುದು ಗೊತ್ತಾಗಬೇಕಾದರೆ ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರ್ ಒಂದು ತಗೊಳ್ಳಿ. ಈ ಕೆಲಸಕ್ಕೆ ಅದಕ್ಕಿಂತ ಉಪಯೋಗದ ಸಾಧನ ಇಲ್ಲ. ಅದು ಬರುವವರೆಗೆ ಈ ಅಂದಾಜು ಸಾಕು:

- ಎಲ್‌ಇಡಿ ಬಲ್ಬ್: 9 ವ್ಯಾಟ್
- ವೈಫೈ ರೂಟರ್: ಸುಮಾರು 10
- ಬಿಎಲ್‌ಡಿಸಿ ಫ್ಯಾನ್: ಪೂರ್ತಿ ವೇಗದಲ್ಲಿ 28-35
- ಹಳೆಯ ಮಾಮೂಲಿ ಫ್ಯಾನ್: 70-75
- 32 ಇಂಚಿನ ಎಲ್‌ಇಡಿ ಟಿವಿ: 40-50
- ಲ್ಯಾಪ್‌ಟಾಪ್: 40-60
- ಮೊಬೈಲ್: ಒಂದು ಪೂರ್ತಿ ಚಾರ್ಜ್‌ಗೆ ಸುಮಾರು 20 ವ್ಯಾಟ್-ಅವರ್
- ಮಿಕ್ಸಿ: 500-750
- ಇಸ್ತ್ರಿ ಪೆಟ್ಟಿಗೆ: 1,000
- ಗೀಸರ್, ಇಂಡಕ್ಷನ್: 1,800-2,000

ಶಾಖ ಹುಟ್ಟಿಸುವ ಯಾವುದನ್ನೂ ಈ ಪೆಟ್ಟಿಗೆಗೆ ಹಾಕಬೇಡಿ. ಮಿಕ್ಸಿಯ ಮಾತು ಬೇರೆ. ಇನ್ವರ್ಟರ್ ತಡೆದರೆ ಐದು ನಿಮಿಷ ಚಟ್ನಿ ರುಬ್ಬಲು 60 ವ್ಯಾಟ್-ಅವರ್ ಸಾಕು. ಒಂದು ಎಚ್‌ಪಿ ನೀರಿನ ಪಂಪ್ ಓಡುವಾಗ ಸುಮಾರು 1,000 ವ್ಯಾಟ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಸಣ್ಣ ಪೆಟ್ಟಿಗೆ ಅಲ್ಲೇ ಟ್ರಿಪ್ ಆಗುತ್ತದೆ. ಮೋಡ ಕವಿದಾಗಲೇ ಟ್ಯಾಂಕ್ ತುಂಬಿಸಿಟ್ಟುಕೊಳ್ಳುವುದು ವಾಸಿ.

ಹಳೆಯ ಫ್ಯಾನ್ ತೆಗೆದು ಬಿಎಲ್‌ಡಿಸಿ ಹಾಕಿದರೆ ಎಂಟು ಗಂಟೆಗೆ 300 ವ್ಯಾಟ್-ಅವರ್‌ಗಿಂತ ಜಾಸ್ತಿ ಉಳಿಯುತ್ತದೆ. ದೊಡ್ಡ ಬ್ಯಾಟರಿಗೆ ದುಡ್ಡು ಹಾಕುವ ಮುಂಚೆ ಫ್ಯಾನ್ ಬದಲಾಯಿಸಿ. ನಾನು ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ.

ಹಂತ 5: ಫ್ರಿಜ್ ಲೆಕ್ಕ ಬೇರೆಯೇ

ಫ್ರಿಜ್ ಒಂದೇ ಸಮನೆ ಕರೆಂಟ್ ಎಳೆಯುವುದಿಲ್ಲ. ವ್ಯಾಟ್ ಮೀಟರ್ ಹಾಕಿ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಮೊದಲು ಮೀಟರ್ ಒಂದೆರಡು ವ್ಯಾಟ್ ತೋರಿಸುತ್ತಿರುತ್ತದೆ. ಹಿಂದಿನಿಂದ "ಟಕ್" ಅಂತ ಸದ್ದಾಗುತ್ತದೆ, ಸಂಖ್ಯೆ ಒಂದು ಕ್ಷಣ ಮೇಲಕ್ಕೆ ಹಾರಿ, ಆಮೇಲೆ 90-120ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕಂಪ್ರೆಸರ್ ಗುಂಯ್‌ಗುಡುತ್ತಾ ಓಡುತ್ತದೆ. ಒಳಗೆ ತಣ್ಣಗಾದ ಮೇಲೆ ಮತ್ತೆ "ಟಕ್", ಸಂಖ್ಯೆ ಕೆಳಗೆ. ಈ ಹಾರಿಕೆಯನ್ನು ಮೀಟರ್ ಪೂರ್ತಿ ಹಿಡಿಯುವುದಿಲ್ಲ. ಹಳೆಯ ಕಂಪ್ರೆಸರ್ ಶುರುವಾಗುವಾಗ ಓಡುವ ವ್ಯಾಟ್‌ನ ಹಲವು ಪಟ್ಟು ಕೇಳುತ್ತದೆ. 300 ವ್ಯಾಟ್ ಇನ್ವರ್ಟರ್‌ಗೆ ಅಂಥ ಫ್ರಿಜ್ ಹಾಕಿದರೆ ಕೆಂಪು ದೀಪ ಬರುವ ಸಂಭವವೇ ಜಾಸ್ತಿ. ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ ಮೆಲ್ಲಗೆ ಶುರುವಾಗುತ್ತದೆ, ಅದಕ್ಕೆ ಈ ತೊಂದರೆ ಕಡಿಮೆ.

ದಿನದ ಒಟ್ಟು ಲೆಕ್ಕಕ್ಕೆ ಬಾಗಿಲಿನ ಮೇಲಿನ ಸ್ಟಾರ್ ಲೇಬಲ್ ನೋಡಿ. ಅದರಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇರುತ್ತದೆ. 180 ಯೂನಿಟ್ ಇದ್ದರೆ 365ರಿಂದ ಭಾಗಿಸಿ. ದಿನಕ್ಕೆ ಸುಮಾರು 490 ವ್ಯಾಟ್-ಅವರ್, 12 ಗಂಟೆಗೆ 245. ಬೇಸಿಗೆಯಲ್ಲಿ, ಬಾಗಿಲು ಪದೇಪದೇ ತೆಗೆಯುವ ಮನೆಯಲ್ಲಿ ಇದಕ್ಕಿಂತ ಜಾಸ್ತಿ.

ಇಲ್ಲಿ ಒಂದು ಬಲೆ ಇದೆ, ಗಮನವಿಟ್ಟು ಓದಿ. ಹಲವು ಪೆಟ್ಟಿಗೆಗಳಲ್ಲಿ ಇಕೋ ಮೋಡ್ ಇರುತ್ತದೆ. ಹೊರೆ ತೀರಾ ಕಡಿಮೆಯಾದರೆ ಸ್ವಲ್ಪ ಹೊತ್ತು ಕಾದು ಎಸಿಯನ್ನು ತಾನೇ ಆಫ್ ಮಾಡುತ್ತದೆ. ಕಂಪ್ರೆಸರ್ ನಿಂತಾಗ ಫ್ರಿಜ್ ಎಳೆಯುವುದು ಒಂದೆರಡು ವ್ಯಾಟ್ ತಾನೆ? ಏನೂ ಹಾಕಿಲ್ಲ ಅಂದುಕೊಂಡು ಪೆಟ್ಟಿಗೆ ಮಲಗಿಬಿಡುತ್ತದೆ. ಬೆಳಗ್ಗೆ ಬ್ಯಾಟರಿ ತುಂಬಿರುತ್ತದೆ, ಹಾಲು ಒಡೆದಿರುತ್ತದೆ. ಫ್ರಿಜ್ ಹಾಕುವಾಗ ಇಕೋ ಮೋಡ್ ಆಫ್ ಮಾಡಲೇಬೇಕು.

ಬಾಗಿಲು ತೆಗೆಯದೆ ಬಿಟ್ಟರೆ ಫ್ರಿಜ್ ಸುಮಾರು 4 ಗಂಟೆ ತಣ್ಣಗಿರುತ್ತದೆ. ಕರೆಂಟ್ ಹೋದ ತಕ್ಷಣ ಪೆಟ್ಟಿಗೆಗೆ ಹಾಕುವ ಅವಸರ ಬೇಡ. ಮೂರು ಗಂಟೆ ಬಿಟ್ಟು, ಆಮೇಲೆ ಒಂದೆರಡು ಗಂಟೆ ಓಡಿಸಿ, ಮತ್ತೆ ಬಿಡಿ.

ಹಂತ 6: ಒಂದು ರಾತ್ರಿಯ ಲೆಕ್ಕ ಕೂಡೋಣ

ಮೇ ತಿಂಗಳು, ಉಡುಪಿ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳಿ. ಗಾಳಿ-ಮಳೆಗೆ ಎಲ್ಲೋ ಮರ ಬಿದ್ದು ತಂತಿ ಹರಿದಿದೆ. ಸಂಜೆ 7ರಿಂದ ಬೆಳಗ್ಗೆ 7ರವರೆಗೆ ಕರೆಂಟ್ ಇಲ್ಲ. ಸೆಕೆ ಬೇರೆ. ಕೈಯಲ್ಲಿರುವುದು 875 ವ್ಯಾಟ್-ಅವರ್.

ಮೂರು ಬಲ್ಬ್ ನಾಲ್ಕು ಗಂಟೆ: 108. ಒಂದು ಬಿಎಲ್‌ಡಿಸಿ ಫ್ಯಾನ್ ಎಂಟು ಗಂಟೆ: 240. ರೂಟರ್ ಐದು ಗಂಟೆ: 50. ಮೂರು ಮೊಬೈಲ್: 60. ಟಿವಿ ಎರಡು ಗಂಟೆ: 90. ಇನ್ವರ್ಟರ್ ತಾನೇ ತಿನ್ನುವುದು: 144. ಒಟ್ಟು 692. ಬೆಳಗ್ಗೆಗೆ ಇನ್ನೂ 183 ಉಳಿಯುತ್ತದೆ. ನಿರಾಳ.

ಈಗ ಫ್ರಿಜ್‌ನ 245 ಸೇರಿಸಿ. 937 ಆಯಿತು, ಸಾಲದು. ಬೆಳಗಿನ ಜಾವ ಪೆಟ್ಟಿಗೆ ಆಫ್ ಆಗಿ ಫ್ಯಾನ್ ನಿಂತು ಎಲ್ಲರಿಗೂ ಎಚ್ಚರವಾಗುತ್ತದೆ. ಟಿವಿ ಬಿಟ್ಟರೆ 847, ಕೂದಲೆಳೆಯಲ್ಲಿ ಪಾರು. ಅದೇ ಫ್ರಿಜ್ಜನ್ನು ಮೊದಲ ಮೂರು ಗಂಟೆ ಹಾಗೇ ಬಿಟ್ಟು, ರಾತ್ರಿ ಬಾಗಿಲು ತೆಗೆಯದೆ ಇದ್ದರೆ ಇನ್ನಷ್ಟು ಉಸಿರಾಡಲು ಜಾಗ ಸಿಗುತ್ತದೆ. ಮನೆಯಲ್ಲಿ ಮಾಮೂಲಿ ಫ್ಯಾನ್ ಇದ್ದಿದ್ದರೆ ಈ ಮಾತುಕತೆಯೇ ಇಲ್ಲ. ಫ್ಯಾನ್ ಒಂದೇ 600 ತಿನ್ನುತ್ತಿತ್ತು.

ಉಳಿಸುವ ಇನ್ನೊಂದು ದಾರಿ ಪೆಟ್ಟಿಗೆಯ ಡಿಸಿ ಪೋರ್ಟ್‌ಗಳು. ಮೊಬೈಲನ್ನು ಎಸಿ ಪ್ಲಗ್‌ಗೆ ಚಾರ್ಜರ್ ಹಾಕಿ ಚಾರ್ಜ್ ಮಾಡಬೇಡಿ, ನೇರ ಯುಎಸ್‌ಬಿಗೆ ಹಾಕಿ. ಹಲವು ರೂಟರ್‌ಗಳು 12 ವೋಲ್ಟ್ ಡಿಸಿಯಲ್ಲೇ ಓಡುತ್ತವೆ. ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಇದ್ದು, ಪೆಟ್ಟಿಗೆಯ ಪೋರ್ಟ್ ಸರಿಯಾಗಿ 12 ವೋಲ್ಟ್ ಕೊಡುತ್ತಿದ್ದು, ಪಿನ್‌ನ ಪ್ಲಸ್-ಮೈನಸ್ ಹೊಂದಿದರೆ ನೇರ ಕೊಡಬಹುದು. ಎಲ್ಲವೂ ಡಿಸಿಯಲ್ಲಿ ಓಡುವಷ್ಟು ಹೊತ್ತು ಎಸಿ ಬಟನ್ ಆಫ್ ಮಾಡಿ. ಆ 12 ವ್ಯಾಟ್ ಸೋರಿಕೆಯೇ ನಿಲ್ಲುತ್ತದೆ.

ಇದು ಹೊಸ ಉಪಾಯವೇನಲ್ಲ. 1995ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸೆಲ್ಕೋ ಅನ್ನುವ ಸೋಲಾರ್ ಕಂಪನಿ ಕರ್ನಾಟಕದ ಹಳ್ಳಿಮನೆಗಳಿಗೆ ಹಾಕಿಕೊಟ್ಟ ಸೋಲಾರ್ ದೀಪಗಳು ಬ್ಯಾಟರಿಯಿಂದ ನೇರ ಡಿಸಿಯಲ್ಲೇ ಉರಿಯುತ್ತಿದ್ದವು, ನಡುವೆ ಇನ್ವರ್ಟರ್ ಇರಲಿಲ್ಲ. ಅದರ ಸಹ-ಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸಣ್ಣ ಪ್ಯಾನಲ್, ಒಂದು ಬ್ಯಾಟರಿ, ಕೆಲವು ದೀಪ. ಬೇಕಾದಷ್ಟನ್ನೇ ಅಳೆದು ಹಾಕಿದ್ದರಿಂದ ಅಷ್ಟು ಸಣ್ಣ ವ್ಯವಸ್ಥೆ ಸಾಕಾಯಿತು.

ಹಂತ 7: ಬಲ್ಬ್ ಹಾಕಿ ಪರೀಕ್ಷೆ ಮಾಡಿ

ಇಷ್ಟು ಹೊತ್ತು ಹಾಕಿದ್ದು ಕಾಗದದ ಲೆಕ್ಕ. ನಿಮ್ಮ ಪೆಟ್ಟಿಗೆ ನಿಜಕ್ಕೂ ಎಷ್ಟು ಕೊಡುತ್ತದೆ ಅಂತ ತಿಳಿಯಲು ಹಳೆಯ 100 ವ್ಯಾಟ್ ತಂತಿ ಬಲ್ಬ್ ಒಂದು ಸಾಕು. ಅದರ ಹೊರೆ ಏರಿಳಿಯುವುದಿಲ್ಲ. ಪೆಟ್ಟಿಗೆಯನ್ನು 100 ಭಾಗ ಚಾರ್ಜ್ ಮಾಡಿ, ಪ್ಯಾನಲ್ ಮತ್ತು ಗೋಡೆಯ ಚಾರ್ಜರ್ ಎರಡನ್ನೂ ಬಿಚ್ಚಿ. ಬೆಳಗ್ಗೆ ಬಲ್ಬ್ ಹಾಕಿ ಸಮಯ ಬರೆದಿಡಿ. ಬಲ್ಬ್ ಬಿಸಿಯಾಗುತ್ತದೆ, ಪರದೆ-ಹಾಸಿಗೆಯಿಂದ ದೂರ ಇಡಿ. ಪ್ರತಿ ಗಂಟೆಗೊಮ್ಮೆ ಪೆಟ್ಟಿಗೆಯ ಡಿಸ್‌ಪ್ಲೇ ಮೇಲಿನ ಶೇಕಡಾ ಸಂಖ್ಯೆ ಬರೆದುಕೊಳ್ಳಿ. ತಾನಾಗಿ ಆಫ್ ಆದಾಗ ಸಮಯ ನೋಡಿ.

ನಮ್ಮ 1,024ರ ಪೆಟ್ಟಿಗೆ ಆರೋಗ್ಯವಾಗಿದ್ದರೆ ಹೆಚ್ಚುಕಡಿಮೆ ಏಳೂಮುಕ್ಕಾಲು ಗಂಟೆ ಉರಿಸಬೇಕು. ಐದೇ ಗಂಟೆಗೆ ನಿಂತರೆ ಬ್ಯಾಟರಿ ಹಳತಾಗಿದೆ ಅಥವಾ ಬರೆದ ಸಂಖ್ಯೆ ಸುಳ್ಳು. ಹೊಸ ಪೆಟ್ಟಿಗೆ ಆದರೆ ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆಯೇ ಈ ಪರೀಕ್ಷೆ ಮಾಡಿ. ಗಂಟೆಗೊಮ್ಮೆ ಬರೆದುಕೊಂಡದ್ದೂ ಸುಮ್ನೆ ಅಲ್ಲ. ಕೆಲವು ಪೆಟ್ಟಿಗೆಗಳು 30 ಭಾಗ ತೋರಿಸುತ್ತಿದ್ದು ದಿಢೀರನೆ ಸೊನ್ನೆಗೆ ಇಳಿಯುತ್ತವೆ. ನಿಮ್ಮದು ಆ ಜಾತಿಯದೋ ಅಲ್ಲವೋ ಅಂತ ಕತ್ತಲಾಗುವ ಮುಂಚೆಯೇ ಗೊತ್ತಿರಬೇಕು.

ಸೀಸ-ಆಸಿಡ್ ಬ್ಯಾಟರಿಗೆ ಹೀಗೆ ಪೂರ್ತಿ ಖಾಲಿ ಮಾಡುವ ಪರೀಕ್ಷೆ ಬೇಡ.

ಹಂತ 8: ಎರಡನೇ ರಾತ್ರಿಗೆ ಏನು ಉಳಿಯುತ್ತದೆ?

ನಿಜವಾದ ಕಷ್ಟ ಇರುವುದು ಇಲ್ಲಿ. ಒಂದು ರಾತ್ರಿ ಹೇಗೋ ಕಳೆಯುತ್ತದೆ. ಕರಾವಳಿ, ಮಲೆನಾಡಿನಲ್ಲಿ ಕರೆಂಟ್ ಎರಡು-ಮೂರು ದಿನ ಬಾರದಿದ್ದಾಗ ಆಕಾಶವೂ ಮುಚ್ಚಿರುತ್ತದೆ.

ಒಳ್ಳೆಯ ಬಿಸಿಲಿನ ದಿನ ಸುಮಾರು 5 ಗಂಟೆಯ ಪೂರ್ತಿ ಬಿಸಿಲಿಗೆ ಸಮ, 200 ವ್ಯಾಟ್ ಪ್ಯಾನಲ್‌ಗೆ ಲೆಕ್ಕದಲ್ಲಿ 1,000 ವ್ಯಾಟ್-ಅವರ್. ಬಿಸಿ, ಧೂಳು, ತಂತಿಯ ನಷ್ಟ ಕಳೆದರೆ 700-750 ವ್ಯಾಟ್-ಅವರ್ ಕೈಗೆ ಬರುತ್ತದೆ. ಫ್ರಿಜ್ ಬಿಟ್ಟು ಲೆಕ್ಕ ಹಾಕಿದ ಆ ರಾತ್ರಿಯ ಖರ್ಚು ಅಲ್ಲಿಗೆ ಸರಿಯಾಗುತ್ತದೆ. ದಟ್ಟ ಮೋಡದ ದಿನ 100-200 ಬಂದರೆ ಹೆಚ್ಚು. ಅಷ್ಟರಲ್ಲಿ ಎರಡು ಬಲ್ಬ್, ಮೊಬೈಲ್, ಒಂದಿಷ್ಟು ರೂಟರ್, ಅಷ್ಟೇ. ಹಾಗಾಗಿ ಜೋರು ಮಳೆಯ ಮುನ್ಸೂಚನೆ ಇದ್ದರೆ ಮೊದಲ ರಾತ್ರಿಯಿಂದಲೇ ಕೈ ಬಿಗಿ ಹಿಡಿಯಿರಿ. ಇರುವುದರಲ್ಲಿ ಅರ್ಧ ಮಾತ್ರ ಖರ್ಚು ಮಾಡಿ.

ನಡುವೆ ಒಂದು ಗಂಟೆ ಕರೆಂಟ್ ಬಂತೋ, ಬೇರೆಲ್ಲ ಬಿಟ್ಟು ಮೊದಲು ಪೆಟ್ಟಿಗೆಯನ್ನು ಗೋಡೆಗೆ ಹಾಕಿ. ಈಗಿನ ಹಲವು ಪೆಟ್ಟಿಗೆಗಳು 500 ವ್ಯಾಟ್‌ಗೂ ಜಾಸ್ತಿ ವೇಗದಲ್ಲಿ ಚಾರ್ಜ್ ಆಗುತ್ತವೆ. ಮೋಡದ ಇಡೀ ದಿನದಲ್ಲಿ ಪ್ಯಾನಲ್ ಕೊಡುವುದಕ್ಕಿಂತ ಆ ಒಂದು ಗಂಟೆ ಹೆಚ್ಚು ಕೊಡುತ್ತದೆ.

ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 15 ಡಿಗ್ರಿ ಓರೆ ಇರಲಿ. ತೆಂಗಿನ ಗರಿಯ ಒಂದು ನೆರಳು ಅಡ್ಡ ಬಂದರೂ ಉತ್ಪಾದನೆ ಬಹಳ ಕುಸಿಯುತ್ತದೆ, ಯಾಕೆಂದರೆ ಸೆಲ್‌ಗಳೆಲ್ಲ ಸಾಲಾಗಿ ಜೋಡಿಸಿರುತ್ತವೆ. ಪ್ಯಾನಲ್ ಬಿಸಿಲಲ್ಲಿ, ಪೆಟ್ಟಿಗೆ ನೆರಳಲ್ಲಿ ಇರಬೇಕು. ಎರಡನ್ನೂ ಅಂಗಳದಲ್ಲಿಟ್ಟರೆ ಬ್ಯಾಟರಿ ಕಾದು ಚಾರ್ಜ್ ಆಗುವುದನ್ನೇ ನಿಲ್ಲಿಸಬಹುದು. ಇನ್ನೊಂದು ಪ್ಯಾನಲ್ ಸೇರಿಸುವುದಾದರೆ ಪೆಟ್ಟಿಗೆ ತಡೆಯುವ ಗರಿಷ್ಠ ವೋಲ್ಟ್ ಮೊದಲು ನೋಡಿ. ಎರಡನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟ್ ಇಮ್ಮಡಿ ಆಗುತ್ತದೆ, ಮಿತಿ ಮೀರಿದರೆ ಕಂಟ್ರೋಲರ್ ಸುಟ್ಟುಹೋಗುತ್ತದೆ.

ಹಂತ 9: ಮನೆಯಲ್ಲಿ ಕಾಯಿಲೆಯವರಿದ್ದರೆ

ಇಲ್ಲಿ ಅಂದಾಜಿಗೆ ಜಾಗವಿಲ್ಲ. ನಿದ್ದೆಯಲ್ಲಿ ಉಸಿರಾಟಕ್ಕೆ ಹಾಕುವ ಸಿಪ್ಯಾಪ್ ಯಂತ್ರ, ನೀರು ಬಿಸಿ ಮಾಡುವ ಭಾಗ ಆಫ್ ಇದ್ದರೆ, 30-60 ವ್ಯಾಟ್ ಎಳೆಯುತ್ತದೆ. 40 ಅಂತ ಹಿಡಿದರೆ ಎಂಟು ಗಂಟೆಗೆ 320 ವ್ಯಾಟ್-ಅವರ್, ನಮ್ಮ ಪೆಟ್ಟಿಗೆಯಲ್ಲಿ ಆರಾಮ. 5 ಲೀಟರ್ ಆಕ್ಸಿಜನ್ ಕಾನ್ಸೆಂಟ್ರೇಟರ್ ಮಾತ್ರ 300-350 ವ್ಯಾಟ್ ಕೇಳುತ್ತದೆ. 875ರಲ್ಲಿ ಎರಡೂವರೆ ಗಂಟೆಗೆ ಮುಗಿಯಿತು. ಅದನ್ನು ನಂಬಿ ರಾತ್ರಿ ಮಲಗಬೇಡಿ. ತುಂಬಿದ ಸಿಲಿಂಡರ್ ಮನೆಯಲ್ಲಿರಲೇಬೇಕು, ಮತ್ತು ಎಷ್ಟು ಹೊತ್ತಿಗೆ ಆಸ್ಪತ್ರೆಗೆ ಹೊರಡಬೇಕು ಅಂತ ಡಾಕ್ಟರ್ ಹತ್ತಿರ ಮೊದಲೇ ಮಾತಾಡಿಟ್ಟುಕೊಳ್ಳಿ. ಇಂಥ ಯಂತ್ರವನ್ನು ಹಗಲಲ್ಲೇ ಒಮ್ಮೆ ಪೆಟ್ಟಿಗೆಗೆ ಹಾಕಿ, ಬೇರೆ ಆಸರೆ ಪಕ್ಕದಲ್ಲೇ ಇಟ್ಟುಕೊಂಡು, ಓಡಿಸಿ ನೋಡಿರಬೇಕು. ಪ್ಯೂರ್ ಸೈನ್ ವೇವ್ (ಗೋಡೆಯ ಕರೆಂಟಿನಂತೆಯೇ ನಯವಾದ ಅಲೆಯ ಎಸಿ ಕೊಡುವ) ಇನ್ವರ್ಟರ್ ಅಲ್ಲದಿದ್ದರೆ ಹಾಕಲೇಬೇಡಿ.

ಹಂತ 10: ಮನೆ ವೈರಿಂಗ್‌ಗೆ ಕೈ ಹಾಕಬೇಡಿ

ಎರಡೂ ತುದಿಗೆ ಪ್ಲಗ್ ಇರುವ ವೈರ್ ಮಾಡಿ ಪೆಟ್ಟಿಗೆಯನ್ನು ಗೋಡೆಯ ಸಾಕೆಟ್‌ಗೆ ಹಾಕಿ ಇಡೀ ಮನೆಗೆ ಕರೆಂಟ್ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಆ ಕರೆಂಟ್ ಮೀಟರ್ ದಾಟಿ ಹೊರಗಿನ ಲೈನ್‌ಗೆ ಹೋಗಬಹುದು, ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಮ್ಮುಖವಾಗಿ ಸಾವಿರಾರು ವೋಲ್ಟ್ ಆಗಬಹುದು. ಮಳೆಯಲ್ಲಿ ಕಂಬ ಹತ್ತಿ ನಿಮಗೋಸ್ಕರವೇ ತಂತಿ ಕಟ್ಟುತ್ತಿರುವ ಲೈನ್‌ಮನ್ ಜೀವ ಹೋಗುತ್ತದೆ. ಬೇಕಾದ ಸಾಮಾನನ್ನು ಎಕ್ಸ್‌ಟೆನ್ಷನ್ ಬೋರ್ಡ್ ಮೂಲಕ ನೇರ ಪೆಟ್ಟಿಗೆಗೇ ಹಾಕಿ. ಮನೆ ವೈರಿಂಗ್‌ಗೇ ಕೊಡಬೇಕಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನ್ ಕಡಿದು ಮನೆಯನ್ನು ಪೆಟ್ಟಿಗೆಗೆ ಬದಲಾಯಿಸುವ ಸ್ವಿಚ್) ಹಾಕಿಸಿ.

ಹಂತ 11: ಬಳಸದೆ ಇಟ್ಟಾಗ

ಆಫ್ ಮಾಡಿಟ್ಟ ಲಿಥಿಯಂ ಬ್ಯಾಟರಿ ತಿಂಗಳಿಗೆ 2-3 ಭಾಗ, ಸೀಸ-ಆಸಿಡ್ ಅದಕ್ಕಿಂತ ಜಾಸ್ತಿ ತಾನಾಗಿ ಕಳೆದುಕೊಳ್ಳುತ್ತದೆ. ಲಿಥಿಯಂ ಪೆಟ್ಟಿಗೆಯನ್ನು ತಿಂಗಳುಗಟ್ಟಲೆ ಬಳಸುವುದಿಲ್ಲ ಅಂದರೆ 50-60 ಭಾಗದಲ್ಲಿ, ತಣ್ಣನೆಯ ಒಣ ಜಾಗದಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ಚಾರ್ಜ್ ನೋಡಿ. ಸೊನ್ನೆಯಲ್ಲಿ ಇಟ್ಟು ಮರೆತರೆ ಬ್ಯಾಟರಿ ಮತ್ತೆ ಏಳದೇ ಹೋಗಬಹುದು. ಸೀಸ-ಆಸಿಡ್ ಇದಕ್ಕೆ ಉಲ್ಟಾ, ಅದನ್ನು ಯಾವಾಗಲೂ ಪೂರ್ತಿ ತುಂಬಿಸಿಯೇ ಇಡಬೇಕು, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಬೇಕು, ಗಾಳಿಯಾಡುವ ಕಡೆ ಇಡಬೇಕು.

ಪ್ರತಿ ವರ್ಷ ಏಪ್ರಿಲ್ ಕೊನೆಗೆ ಲಿಥಿಯಂ ಪೆಟ್ಟಿಗೆಗೆ ಬಲ್ಬ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಬಂದ ಗಂಟೆಯನ್ನು ತಾರೀಖಿನ ಜೊತೆ ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ಅದರ ಕೆಳಗೆ ಫ್ರಿಜ್ ಯಾವಾಗ ಹಾಕಬೇಕು, ಇಕೋ ಮೋಡ್ ಎಲ್ಲಿದೆ, ಏನೇನು ಹಾಕಬಾರದು ಅಂತಲೂ ಬರೆಯಿರಿ. ನೀವು ಊರಲ್ಲಿಲ್ಲದ ರಾತ್ರಿ ಕರೆಂಟ್ ಹೋದರೂ ಮನೆಯಲ್ಲಿರುವ ಯಾರಾದರೂ ಅದನ್ನು ಓದಿ ನಿಭಾಯಿಸುವ ಹಾಗಿರಲಿ.